ಎವ್ರಿವನ್ ಅಂದ್ರೆ ಯಾರು ಸ್ವಾಮಿ?

ಕಳೆದ ಭಾನುವಾರ ಬೆಳಗ್ಗೆ ಚಿಕ್ಕಪ್ಪನ ಮಗನ ಫೋನು. ಹೊಸ ಡೆಸ್ಕ್‌ಟಾಪ್ ಜೋಡಿಸಿದ್ದಾನೆ. ಹಳೇ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಬಿಚ್ಚಿ ಹೊಸದರಲ್ಲಿ ಎರಡನೇ ಡ್ರೈವ್ ಆಗಿ ಕೂರಿಸಿದ್ದಾನೆ. ಡ್ರೈವ್ ಕಾಣಿಸ್ತಿದೆ, ಒಳಗೆ ಅವನ ಹೆಸರಿನ ಫೋಲ್ಡರೂ ಕಾಣಿಸ್ತಿದೆ, ತೆಗೆಯೋಕೆ ಹೋದರೆ ಮಾತ್ರ ತೆಗೆಯಲ್ಲ.

‘ಅಣ್ಣ, ನನ್ನ ಡಿಸ್ಕು, ನನ್ನ ಫೋಲ್ಡರು, ನನ್ನ ಮದುವೆ ಫೋಟೊ. ನನಗೇ ಪರ್ಮಿಷನ್ ಇಲ್ಲ ಅಂತಾನಲ್ಲ ಇವನು!’

‘ಏನಾದ್ರೂ ಮಾಡೋಕೆ ಹೋದ್ಯಾ?’

‘ಮಾಡ್ತಾ ಇದೀನಿ. ಇಡೀ ಡ್ರೈವ್‌ಗೆ ಎವ್ರಿವನ್ ಫುಲ್ ಕಂಟ್ರೋಲ್ ಕೊಟ್ಬಿಡು, ತಲೆನೋವೇ ಇರಲ್ಲ ಅಂತ ಆಫೀಸಲ್ಲಿ ಫ್ರೆಂಡ್ ಹೇಳಿದ್ದ. ಓಕೆ ಒತ್ತೋದೊಂದೇ ಬಾಕಿ.’

‘ಮೌಸ್ ಮೇಲಿಂದ ಕೈ ತೆಗಿ’ ಅಂದೆ. ಸ್ವಲ್ಪ ಜೋರಾಗೇ ಅಂದಿರಬೇಕು, ಅಡುಗೆಮನೆಯಿಂದ ಹೆಂಡತಿ ಇಣುಕಿ ನೋಡಿದಳು.

ಯಾಕಷ್ಟು ಜೋರು ಅಂತ ಹೇಳೋಕೇ ಈ ಬರಹ. ನನ್ನ ವಾದ ಇಷ್ಟೇ: ಎರಡನೇ ಡ್ರೈವಿನ ಫೋಲ್ಡರ್ ತೆರೆಯದಿದ್ದಾಗ ಎವ್ರಿವನ್‌ಗೆ ಫುಲ್ ಕಂಟ್ರೋಲ್ ಕೊಡೋದು ರಿಪೇರಿ ಅಲ್ಲ. ಕೀಲಿ ಕೈಗೆ ಸಿಗಲಿಲ್ಲ ಅಂತ ಬಾಗಿಲನ್ನೇ ಕಿತ್ತು ಅಂಗಳಕ್ಕೆ ಎಸೆಯೋ ಕೆಲಸ ಅದು. ನೀವು ಒಳಗೆ ಹೋಗ್ತೀರಿ, ನಿಜ. ಆಮೇಲೆ ಯಾರ್ಯಾರು ಹೋಗ್ತಾರೆ ಅನ್ನೋದು ನಿಮ್ಮ ಕೈಲಿಲ್ಲ. ಇನ್ನೂ ಬೇಜಾರಿನ ವಿಷಯ ಅಂದರೆ, ಕೀಲಿ ಅಲ್ಲೇ ಬಾಗಿಲ ಪಕ್ಕದ ಗೂಡಲ್ಲೇ ಇರುತ್ತೆ. ಹುಡುಕೋಕೆ ಹತ್ತು ನಿಮಿಷ ಸಾಕು.

ಸಿಟ್ಟು ವಿಂಡೋಸ್ ಮೇಲೂ ಇದೆ, ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಅದು ‘ಇಲ್ಲ’ ಅನ್ನೋದು ಯಾಕೆ ಅಂತ ನೋಡೋಣ.

ಬೆಂಗಳೂರಲ್ಲಿ ಸೈಟು, ಫ್ಲ್ಯಾಟು ಅಂತ ಓಡಾಡಿದವರಿಗೆ ಖಾತೆ ಅನ್ನೋ ಪದ ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲಿ ನೀವೇ ಇರಬಹುದು, ಗೇಟಿನ ಮೇಲೆ ನಿಮ್ಮದೇ ಹೆಸರಿರಬಹುದು. ಖಾತೆ ಹಳೇ ಓನರ್ ಹೆಸರಲ್ಲೇ ಉಳಿದಿದ್ದರೆ ಕಚೇರಿಯ ಲೆಕ್ಕದಲ್ಲಿ ನೀವು ಯಾರೋ ಏನೋ. ಕಂಪ್ಯೂಟರಿನ ಅಕೌಂಟಿಗೂ ನಾವು ಕನ್ನಡದಲ್ಲಿ ಖಾತೆ ಅಂತಲೇ ಕರೆಯೋದು ಎಷ್ಟು ಸರಿಯಾಗಿದೆ ನೋಡಿ. ವಿಂಡೋಸ್ ನಿಮ್ಮನ್ನ ಗುರುತಿಸೋದು ಹೆಸರಿನಿಂದ ಅಲ್ಲ, ಖಾತೆ ನಂಬರಿನಿಂದ. ಅದಕ್ಕೆ ಎಸ್‌ಐಡಿ ಅಂತಾರೆ. ಎಸ್-1-5-21 ಅಂತ ಶುರುವಾಗುತ್ತೆ, ಆಮೇಲೆ ಮೂರು ದೊಡ್ಡ ದೊಡ್ಡ ಸಂಖ್ಯೆ, ಕೊನೆಗೆ 1001 ಥರದ ಒಂದು ಚಿಕ್ಕ ಸಂಖ್ಯೆ. ಆ ಮೂರು ದೊಡ್ಡ ಸಂಖ್ಯೆಗಳು ವಿಂಡೋಸ್ ಹಾಕಿದಾಗ ಆ ಮೆಷಿನ್‌ಗೆ ಅಂತಲೇ ಹುಟ್ಟಿಕೊಳ್ಳೋವು. ಅದಕ್ಕೇ ಹಳೇ ಕಂಪ್ಯೂಟರಿನ ‘ರವಿ’, ಹೊಸ ಕಂಪ್ಯೂಟರಿನ ‘ರವಿ’, ಇಬ್ಬರೂ ವಿಂಡೋಸಿನ ಕಣ್ಣಿಗೆ ಬೇರೆ ಬೇರೆ ಮನುಷ್ಯರು. ಪಾಸ್‌ವರ್ಡ್ ಒಂದೇ ಇಟ್ಟರೂ ಅಷ್ಟೆ. ಅದೇ ಕಂಪ್ಯೂಟರನ್ನ ಫಾರ್ಮ್ಯಾಟ್ ಮಾಡಿ ಮತ್ತೆ ವಿಂಡೋಸ್ ಹಾಕಿ, ಡಿ ಡ್ರೈವನ್ನ ಮುಟ್ಟದೆ ಬಿಟ್ಟರೂ ಇದೇ ಕಥೆ.

ಎನ್‌ಟಿಎಫ್‌ಎಸ್ ಡ್ರೈವಿನಲ್ಲಿ ಪ್ರತಿ ಫೋಲ್ಡರಿಗೂ, ಪ್ರತಿ ಫೈಲಿಗೂ ಒಬ್ಬ ಓನರ್ ಇರುತ್ತಾನೆ, ಯಾರು ಏನು ಮಾಡಬಹುದು ಅನ್ನೋ ಒಂದು ಪಟ್ಟಿಯೂ ಇರುತ್ತೆ. ಆ ಪಟ್ಟಿ ಇರೋದು ಡಿಸ್ಕಿನ ಮೇಲೆ. ಡಿಸ್ಕ್ ಬಿಚ್ಚಿ ಬೇರೆ ಕಡೆ ಹಾಕಿದರೆ ಪಟ್ಟಿಯೂ ಜೊತೆಗೇ ಬರುತ್ತೆ, ಅದರಲ್ಲಿರೋ ಹಳೇ ನಂಬರೂ ಬರುತ್ತೆ. ಹೊಸ ವಿಂಡೋಸ್ ‘ಈ ನಂಬರ್ ಯಾರದು?’ ಅಂತ ತನ್ನ ದಫ್ತರದಲ್ಲಿ ಹುಡುಕುತ್ತೆ. ಸಿಗಲ್ಲ. ಆಗ ಸೆಕ್ಯೂರಿಟಿ ಟ್ಯಾಬಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಚಿತ್ರ ಇಟ್ಟು ‘ಅಕೌಂಟ್ ಅನ್‌ನೋನ್’ ಅಂತ ಬರೆದು ಕೈತೊಳೆದುಕೊಳ್ಳುತ್ತೆ.

ನಮ್ಮ ವಯಸ್ಸಿನವರಿಗೆ ಇದು ವಿಚಿತ್ರ ಅನ್ನಿಸೋದಕ್ಕೂ ಕಾರಣ ಇದೆ. ಎನ್‌ಟಿಎಫ್‌ಎಸ್ ಬಂದಿದ್ದು 1993ರಲ್ಲಿ, ವಿಂಡೋಸ್ ಎನ್‌ಟಿ ಜೊತೆ, ಆಫೀಸುಗಳಿಗೆ. ವಿಂಡೋಸ್ 98 ಇದ್ದ ಮನೆ ಕಂಪ್ಯೂಟರುಗಳಲ್ಲಿ ಇದ್ದಿದ್ದು ಫ್ಯಾಟ್32. ಅದರಲ್ಲಿ ಓನರ್ ಅನ್ನೋ ಕಲ್ಪನೆಯೇ ಇಲ್ಲ. ಡಿಸ್ಕ್ ಎಲ್ಲಿಗೆ ಹಾಕಿದರೂ ತೆರೆಯೋದು. ಪೆನ್‌ಡ್ರೈವ್‌ಗಳು ಇವತ್ತಿಗೂ ಹೆಚ್ಚಾಗಿ ಫ್ಯಾಟ್32 ಇಲ್ಲವೇ ಎಕ್ಸ್‌ಫ್ಯಾಟ್, ಅಲ್ಲೂ ಯಾರ ಕೈಲಿದೆಯೋ ಅವರದ್ದೇ ಫೈಲು. 2001ರಲ್ಲಿ ಎಕ್ಸ್‌ಪಿ ಬಂದಾಗಲೂ ಅದರ ಹೋಮ್ ಆವೃತ್ತಿಯಲ್ಲಿ ಸೆಕ್ಯೂರಿಟಿ ಟ್ಯಾಬನ್ನೇ ಬಚ್ಚಿಟ್ಟಿದ್ದರು, ಸೇಫ್ ಮೋಡ್‌ಗೆ ಹೋದರೆ ಮಾತ್ರ ಕಾಣೋದು. ಅಂದರೆ ಬೀಗ ಹಾಕಿಕೊಟ್ಟರು, ಬೀಗ ಇದೆ ಅಂತ ಹೇಳಲಿಲ್ಲ. ಇಪ್ಪತ್ತು ವರ್ಷ ಆದಮೇಲೆ ಬಾಗಿಲ ಮುಂದೆ ನಿಂತು ನಾವು ‘ಇದ್ಯಾವಾಗ ಬಂತು ಗುರು?’ ಅಂತಿದ್ದೀವಿ.

ಈಗ ಆ ಕುಖ್ಯಾತ ಡಬ್ಬಿ. ಫೋಲ್ಡರ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ, ‘ಸದ್ಯ ನಿಮಗೆ ಈ ಫೋಲ್ಡರಿಗೆ ಅನುಮತಿ ಇಲ್ಲ, ಶಾಶ್ವತವಾಗಿ ಅನುಮತಿ ಪಡೆಯೋಕೆ ಕಂಟಿನ್ಯೂ ಒತ್ತಿ’ ಅನ್ನೋ ಅರ್ಥದ ಇಂಗ್ಲಿಷ್ ಮಾತು. ‘ಶಾಶ್ವತವಾಗಿ’ ಅನ್ನೋ ಪದ ನೋಡಿದ್ದೇ ನನ್ನ ತಮ್ಮ ಹೆದರಿ ಕ್ಯಾನ್ಸಲ್ ಒತ್ತಿದ್ದಾನೆ. ಒತ್ತಿ, ನೆಟ್ಟಗೆ ಹೋಗಿ ಇಡೀ ಡ್ರೈವನ್ನ ಪ್ರಪಂಚಕ್ಕೆಲ್ಲ ಶಾಶ್ವತವಾಗಿ ಬರೆದುಕೊಡೋಕೆ ಕೂತಿದ್ದಾನೆ!

ತಮಾಷೆ ಅಂದರೆ ಅವನ ಕೇಸಿನಲ್ಲಿ ಕಂಟಿನ್ಯೂ ಒತ್ತಿದ್ದರೆ ಸಾಕಿತ್ತು. ಹಳೇ ವಿಂಡೋಸಿನಲ್ಲಿ ಒಬ್ಬೊಬ್ಬ ಯೂಸರ್‌ಗೂ ಇರೋ ಫೋಲ್ಡರಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೂವರು ಇರುತ್ತಾರೆ: ಆ ಯೂಸರ್, ಸಿಸ್ಟಮ್, ಮತ್ತೆ ಅಡ್ಮಿನಿಸ್ಟ್ರೇಟರ್ಸ್ ಅನ್ನೋ ಗುಂಪು. ಯೂಸರ್ ನಂಬರ್ ಮೆಷಿನ್‌ನಿಂದ ಮೆಷಿನ್‌ಗೆ ಬದಲಾಗುತ್ತೆ, ಆದರೆ ಅಡ್ಮಿನಿಸ್ಟ್ರೇಟರ್ಸ್ ಗುಂಪಿನ ನಂಬರ್ ಜಗತ್ತಿನ ಎಲ್ಲಾ ವಿಂಡೋಸ್‌ನಲ್ಲೂ ಒಂದೇ, ಎಸ್-1-5-32-544. ನೀವು ಹೊಸ ಕಂಪ್ಯೂಟರಿನಲ್ಲಿ ಅಡ್ಮಿನ್ ಆಗಿದ್ದರೆ ಹಳೇ ಪಟ್ಟಿಯಲ್ಲೂ ನಿಮ್ಮ ಹೆಸರು ಆಗಲೇ ಇದೆ ಅಂತಾಯ್ತು. ಗೂಡಲ್ಲಿರೋ ಕೀಲಿ ಅಂದೆನಲ್ಲ, ಇದೇ ಅದು.

ಹಾಗಿದ್ರೆ ಬಾಗಿಲು ಯಾಕೆ ತೆರೆಯಲಿಲ್ಲ? 2007ರಲ್ಲಿ ವಿಸ್ಟಾ ಜೊತೆ ಬಂದ ಯುಎಸಿ ಕಾರಣ. ನೀವು ಅಡ್ಮಿನ್ ಆಗಿದ್ದರೂ ದಿನನಿತ್ಯದ ಓಡಾಟದಲ್ಲಿ ಆ ಅಧಿಕಾರವನ್ನ ಅದು ಬದಿಗಿಟ್ಟಿರುತ್ತೆ. ಸ್ಕ್ರೀನ್ ಮಬ್ಬಾಗಿ ‘ಯೆಸ್ ಅಥವಾ ನೋ’ ಕೇಳಿದಾಗ ನೀವು ಯೆಸ್ ಅಂದರೆ ಮಾತ್ರ ಅಧಿಕಾರ ಕೈಗೆ ಬರುತ್ತೆ. ಕಂಟಿನ್ಯೂ ಬಟನ್ ಮಾಡೋದು ಅದೇ ಕೆಲಸ. ಅಡ್ಮಿನ್ ಅಧಿಕಾರ ತಗೊಂಡು ಆ ಫೋಲ್ಡರಿನ ಪಟ್ಟಿಗೆ, ಅದರೊಳಗಿನ ಎಲ್ಲದಕ್ಕೂ, ನಿಮ್ಮ ಹೊಸ ಖಾತೆ ನಂಬರನ್ನ ಸೇರಿಸುತ್ತೆ. ನಿಮ್ಮದೊಂದನ್ನೇ. ‘ಶಾಶ್ವತ’ ಅನ್ನೋದು ಯಾಕೆಂದರೆ ಹಾಗೆ ಸೇರಿಸಿದ್ದನ್ನ ಅದು ಆಮೇಲೆ ತಾನಾಗಿ ತೆಗೆಯಲ್ಲ, ನಾಳೆ ನಿಮ್ಮ ಅಡ್ಮಿನ್ ಪದವಿ ಹೋದರೂ ಪಟ್ಟಿಯಲ್ಲಿ ನಿಮ್ಮ ಹೆಸರು ಉಳಿಯುತ್ತೆ. ಇಷ್ಟನ್ನ ಎರಡು ಸಾಲಲ್ಲಿ ಬರೆಯೋಕೆ ಏನು ಕಷ್ಟ?

ಇಲ್ಲೇ ನನಗೆ ವಿಂಡೋಸ್ ಮಾಡಿದವರ ಮೇಲೆ ಸಿಟ್ಟು ಬರೋದು. ಪಟ್ಟಿಯಲ್ಲಿರೋ ನಂಬರ್ ಈ ಮೆಷಿನ್‌ನದ್ದಲ್ಲ ಅಂತ ಆ ಸಾಫ್ಟ್‌ವೇರ್‌ಗೆ ಗೊತ್ತಿದೆ. ಇದು ಸಿ ಡ್ರೈವ್ ಅಲ್ಲ, ಎರಡನೇ ಡ್ರೈವ್ ಅಂತ ಗೊತ್ತಿದೆ. ಕೂತಿರೋ ಮನುಷ್ಯ ಅಡ್ಮಿನ್ ಅಂತಲೂ ಗೊತ್ತಿದೆ. ‘ಈ ಫೋಲ್ಡರ್ ಬೇರೆ ವಿಂಡೋಸಿನಲ್ಲಿ ಹುಟ್ಟಿದ್ದು, ಅದರ ಹಳೇ ಓನರ್ ಇಲ್ಲಿಲ್ಲ, ನಿಮಗೆ ಮಾತ್ರ ಪ್ರವೇಶ ಕೊಡಲಾ?’ ಅಂತ ಕೇಳಬಹುದಿತ್ತು. ಅದರ ಬದಲು ಕಳ್ಳನನ್ನ ಹಿಡಿದ ವಾಚ್‌ಮನ್ ಥರ ಮುಖ ಮಾಡುತ್ತೆ. ಜನ ಗಾಬರಿ ಬೀಳ್ತಾರೆ. ಗಾಬರಿ ಬಿದ್ದವನು ಸಲಹೆ ಕೇಳ್ತಾನೆ. ಸಲಹೆ ಕೊಡೋನು ‘ಎವ್ರಿವನ್’ ಅಂತಾನೆ. ಇನ್ನೊಬ್ಬ ‘ಯುಎಸಿ ಆಫ್ ಮಾಡು’ ಅಂತಾನೆ. ಮತ್ತೊಬ್ಬ ‘ಡಿಸ್ಕ್ ಹೋಗಿದೆ ಸಾರ್, ಡೇಟಾ ರಿಕವರಿ ಮಾಡಿಸ್ಬೇಕು’ ಅಂತಾನೆ. ನಮ್ಮ ಏರಿಯಾದ ಅಂಗಡಿಯೊಂದರಲ್ಲಿ ಇಂಥ ಸರಿಯಿದ್ದ ಡಿಸ್ಕ್‌ಗೇ ಸಾವಿರಗಟ್ಟಲೆ ರೂಪಾಯಿ ಹೇಳಿದ್ದನ್ನ ನಾನೇ ಪಕ್ಕದಲ್ಲಿ ನಿಂತು ಕೇಳಿದ್ದೀನಿ. ಅಷ್ಟು ದುಡ್ಡಿಗೆ ಅವರು ಒತ್ತಬೇಕಿದ್ದದ್ದು ಕಂಟಿನ್ಯೂ ಬಟನ್.

ಆದರೆ ಕಂಪನಿಯನ್ನ ಬೈದು ಕೈತೊಳೆದುಕೊಳ್ಳೋಕೆ ನನಗೆ ಆಗಲ್ಲ. ಯಾಕೆಂದರೆ ಆ ಎವ್ರಿವನ್ ಮಂತ್ರವನ್ನ ನಾನೂ ಒಮ್ಮೆ ಜಪಿಸಿದವನೇ.

ಆರು ವರ್ಷದ ಹಿಂದಿನ ಮಾತು. ಹಳೇ ಕಂಪ್ಯೂಟರಿನ ಡಿಸ್ಕ್ ಇದೇ ಥರ ಎರಡನೇ ಡ್ರೈವ್ ಆಗಿತ್ತು. ಇದೇ ಥರ ಫೋಲ್ಡರ್ ತೆರೆಯಲಿಲ್ಲ. ಆಫೀಸಿಂದ ಬಂದು ಸುಸ್ತಾಗಿತ್ತು, ಓದೋ ತಾಳ್ಮೆ ಇರಲಿಲ್ಲ. ಡ್ರೈವ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಸೆಕ್ಯೂರಿಟಿ, ಎವ್ರಿವನ್, ಫುಲ್ ಕಂಟ್ರೋಲ್, ಒಳಗಿರೋ ಎಲ್ಲದಕ್ಕೂ ಇದನ್ನೇ ಹಾಕು ಅಂತ ಟಿಕ್. ಹಸಿರು ಪಟ್ಟಿ ಓಡಿತು. ಎಲ್ಲಾ ತೆರೆಯಿತು. ಗೆದ್ದೆ ಅಂದುಕೊಂಡೆ.

ಮುಂದಿನ ಬೇಸಿಗೆ ರಜೆಗೆ ಅಕ್ಕನ ಮಗ ಮನೆಗೆ ಬಂದಿದ್ದ, ಎಂಟನೇ ಕ್ಲಾಸು. ಬುದ್ಧಿವಂತನ ಹಾಗೆ ನಾನು ಅವನಿಗೆ ಅಂತಲೇ ಬೇರೆ ಅಕೌಂಟ್ ಮಾಡಿಕೊಟ್ಟಿದ್ದೆ, ಅಡ್ಮಿನ್ ಅಲ್ಲದ್ದು. ಅವನಿಗೊಂದು ಗೇಮ್ ಬೇಕಿತ್ತು, ಗೇಮ್‌ಗೆ ಜಾಗ ಬೇಕಿತ್ತು. ಎರಡನೇ ಡ್ರೈವ್‌ನಲ್ಲಿ ಯಾವ ಕಾಲದ್ದೋ ಧೂಳು ಹಿಡಿದ ಫೋಲ್ಡರುಗಳು. ಅದರಲ್ಲಿ ದೊಡ್ಡದೊಂದನ್ನ ಅಳಿಸಿದ. ರೀಸೈಕಲ್ ಬಿನ್‌ಗೆ ಹಿಡಿಯದಷ್ಟು ದೊಡ್ಡದು, ಪೂರ್ತಿ ಅಳಿಸಲಾ ಅಂತ ಕೇಳಿತು, ಹೂಂ ಅಂದ. ಗೇಮ್ ಡೌನ್‌ಲೋಡ್ ಆಗಿ ಅದೇ ಜಾಗದಲ್ಲಿ ಕೂತಿತು.

ಆ ಫೋಲ್ಡರಿನಲ್ಲಿ ಅಜ್ಜಿ ಇದ್ದಳು. ಊರಲ್ಲಿ ಜಗಲಿ ಮೇಲೆ ಕೂರಿಸಿ, ಅವಳ ಕೈಲಿ ರಾಗಿ ಬೀಸೋ ಪದ ಹೇಳಿಸಿ ರೆಕಾರ್ಡ್ ಮಾಡಿದ್ದ ನಲವತ್ತು ನಿಮಿಷದ ದನಿ. ರೆಕಾರ್ಡ್ ಮಾಡಿದ ಫೋನು ಎಂದೋ ಸತ್ತಿತ್ತು, ಅಜ್ಜಿಯೂ ಹೋಗಿದ್ದಳು. ರಿಕವರಿ ಸಾಫ್ಟ್‌ವೇರ್ ಹಾಕಿ ನೋಡಿದೆ. ಫೈಲಿನ ಹೆಸರುಗಳು ಸಿಕ್ಕವು, ಒಳಗೆ ದನಿ ಇರಲಿಲ್ಲ.

ಅಕ್ಕ ಹುಡುಗನಿಗೆ ಬೈಯೋಕೆ ಹೋದಳು, ಬೇಡ ಅಂದೆ. ಅವನ ಅಕೌಂಟಿಗೆ ಆ ಫೋಲ್ಡರನ್ನ ಮುಟ್ಟೋ ಹಕ್ಕು ಮೊದಲು ಇರಲಿಲ್ಲ. ಡಿಸ್ಕ್ ಮೊದಲು ಬಂದಾಗಿದ್ದ ಪಟ್ಟಿ ಹಾಗೇ ಉಳಿದಿದ್ದರೆ, ಅವನು ಡಿಲೀಟ್ ಒತ್ತಿದಾಗ ವಿಂಡೋಸ್ ಅಡ್ಡ ನಿಂತು ‘ಅನುಮತಿ ಇಲ್ಲ’ ಅನ್ನೋದು. ಆ ಮಾತನ್ನ ಹೇಳಬೇಕಾದ ದಿನ ಹೇಳೋಕೆ ಆಗದ ಹಾಗೆ ಅದರ ಬಾಯಿ ಮುಚ್ಚಿಸಿದ್ದವನು ನಾನು. ಬ್ಯಾಕಪ್ ಇಟ್ಟಿರಬೇಕಿತ್ತು ಅಂತ ನೀವು ಹೇಳಬಹುದು. ಇಟ್ಟಿರಬೇಕಿತ್ತು. ಅದು ನನ್ನ ಎರಡನೇ ತಪ್ಪು, ಮೊದಲನೆಯದನ್ನ ಅದು ಚಿಕ್ಕದು ಮಾಡಲ್ಲ.

ಇಲ್ಲಿ ಮೂರು ಎದುರುವಾದ ಬರುತ್ತವೆ. ಮೂರನ್ನೂ ನಾನು ಕೇಳಿದ್ದೀನಿ.

ಮೊದಲನೆಯದು: ‘ನನ್ನ ಕಂಪ್ಯೂಟರ್ ನಾನೊಬ್ಬನೇ ಬಳಸೋದು. ಎವ್ರಿವನ್ ಅಂದ್ರೆ ನಾನೇ.’ ಅಲ್ಲ ಸ್ವಾಮಿ. ಎವ್ರಿವನ್ ಅಂದರೆ ಆ ಮೆಷಿನ್‌ಗೆ ಲಾಗಿನ್ ಆಗೋ ಪ್ರತಿಯೊಂದು ಖಾತೆ. ಗೆಸ್ಟ್ ಆನ್ ಆಗಿದ್ದರೆ ಅದೂ ಸೇರಿ. ಹಿನ್ನೆಲೆಯಲ್ಲಿ ಓಡೋ ಸರ್ವೀಸುಗಳಿಗೂ ಅವುಗಳದ್ದೇ ಖಾತೆಗಳಿರುತ್ತವೆ. ನಾಳೆ ಪಿಜಿಯಲ್ಲಿ, ಬಾಡಿಗೆ ಮನೆಯಲ್ಲಿ ರೂಮ್‌ಮೇಟ್‌ಗೆ ಸಿನಿಮಾ ಕೊಡೋಕೆ ಅಂತ ಆ ಡ್ರೈವನ್ನ ನೆಟ್‌ವರ್ಕಿನಲ್ಲಿ ಶೇರ್ ಮಾಡ್ತೀರಿ. ಶೇರ್‌ಗೆ ಒಂದು ಪರ್ಮಿಷನ್, ಫೋಲ್ಡರ್‌ಗೆ ಒಂದು ಪರ್ಮಿಷನ್, ಎರಡರಲ್ಲಿ ಯಾವುದು ಬಿಗಿಯೋ ಅದು ನಡೆಯುತ್ತೆ. ಫೋಲ್ಡರಿನ ಕಡೆ ನೀವು ಪೂರ್ತಿ ಸಡಿಲ ಬಿಟ್ಟಿದ್ದರೆ ಉಳಿಯೋದು ಒಂದೇ ಬೀಗ. ಮತ್ತೆ ಫುಲ್ ಕಂಟ್ರೋಲ್ ಅನ್ನೋದು ಬರೀ ಓದು-ಬರೆ ಅಲ್ಲ. ಪರ್ಮಿಷನ್ ಬದಲಾಯಿಸೋ ಹಕ್ಕು, ಓನರ್‌ಷಿಪ್ ಕಿತ್ತುಕೊಳ್ಳೋ ಹಕ್ಕು ಕೂಡ ಅದರಲ್ಲಿದೆ. ಬೇರೆಯವರು ನಿಮ್ಮನ್ನೇ ಹೊರಗಿಡಬಹುದು. ಓದಿ, ಬರೆದು, ಅಳಿಸೋಕೆ ‘ಮಾಡಿಫೈ’ ಸಾಕು.

ಎರಡನೆಯದು ಸ್ವಲ್ಪ ತಿಳಿದವರ ವಾದ: ‘ಈ ಪರ್ಮಿಷನ್ ಎಲ್ಲಾ ನಾಟಕ. ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದ್ರೆ ಎಲ್ಲಾ ತೆರೆಯತ್ತೆ.’ ಹೌದು, ತೆರೆಯುತ್ತೆ. ಇದನ್ನ ನಾನು ಪೂರ್ತಿ ಒಪ್ತೀನಿ. ಪರ್ಮಿಷನ್ ಅನ್ನೋದು ಡಿಸ್ಕನ್ನೇ ಹೊತ್ತೊಯ್ಯೋ ಕಳ್ಳನಿಗೆ ಇರೋ ಬೀಗ ಅಲ್ಲ. ಅವನಿಗೆ ಬೇಕಾದದ್ದು ಬಿಟ್‌ಲಾಕರ್, ಅಂದರೆ ಎನ್‌ಕ್ರಿಪ್ಷನ್. ಪರ್ಮಿಷನ್ ಇರೋದು ಮನೆಯೊಳಗೆ ಇರೋರಿಗೆ: ಅಕ್ಕನ ಮಗನಿಗೆ, ಎಲ್ಲಿಂದಲೋ ತಂದು ಓಡಿಸಿದ ಪ್ರೋಗ್ರಾಮ್‌ಗೆ, ರಾತ್ರಿ ಒಂದು ಗಂಟೆಗೆ ನಿದ್ದೆಗಣ್ಣಲ್ಲಿ ಡಿಲೀಟ್ ಒತ್ತೋ ನಿಮಗೆ. ದೇವರಮನೆ ಬಾಗಿಲಿಗೆ ಚಿಲಕ ಹಾಕೋದು ದರೋಡೆಕೋರರಿಗೆ ಹೆದರಿ ಅಲ್ಲವಲ್ಲ, ಅಂಬೆಗಾಲಿಡೋ ಮಗುವಿಗೆ. ದರೋಡೆಕೋರ ಒಡೆಯಬಹುದು ಅಂತ ಯಾರೂ ಚಿಲಕ ಕಿತ್ತುಹಾಕಲ್ಲ.

ಮೂರನೆಯದು ನಮ್ಮ ಐಟಿ ಮಂದಿಯದ್ದು: ‘ಕೆಲಸ ಆಗ್ಬೇಕು ಗುರು, ಆಮೇಲೆ ಸರಿ ಮಾಡಿದ್ರಾಯ್ತು.’ ಈ ‘ಆಮೇಲೆ’ ಎಂದೂ ಬರಲ್ಲ ಅನ್ನೋದು ನಮಗೆಲ್ಲ ಗೊತ್ತಿದೆ. ಆಫೀಸಿನಲ್ಲಿ ಸರ್ವರ್ ಹಠ ಮಾಡಿದರೆ ಸಿಎಚ್‌ಮಾಡ್ 777. ಕ್ಲೌಡ್ ಬಕೆಟ್ ತೆರೆಯದಿದ್ದರೆ ಪಬ್ಲಿಕ್. ಕ್ಲೈಂಟಿಗೆ ಶೀಟ್ ಕಳಿಸೋಕೆ ‘ಲಿಂಕ್ ಇರೋ ಯಾರಾದ್ರೂ’. ಸೆಕ್ಯೂರಿಟಿ ಟ್ರೈನಿಂಗ್‌ನಲ್ಲಿ ನೂರಕ್ಕೆ ನೂರು ತಗೊಂಡು, ಸಂಜೆ ಮನೆಗೆ ಬಂದು ಎವ್ರಿವನ್ ಫುಲ್ ಕಂಟ್ರೋಲ್. ಎಸ್‌ಎಸ್‌ಎಚ್ ಒಂದೇ ಒಂದು ಈ ವಿಷಯದಲ್ಲಿ ಮರ್ಯಾದೆ ಉಳಿಸಿಕೊಂಡಿದೆ. ನಿಮ್ಮ ಖಾಸಗಿ ಕೀಲಿಯ ಫೈಲನ್ನ ಬೇರೆಯವರೂ ಓದೋ ಹಾಗೆ ಬಿಟ್ಟರೆ, ಇಷ್ಟು ತೆರೆದಿಟ್ಟ ಕೀಲಿಯನ್ನ ನಾನು ಬಳಸಲ್ಲ ಅಂತ ಮುಖಕ್ಕೆ ಹೇಳುತ್ತೆ. ಅಂಥ ನಿಷ್ಠುರ ಎಲ್ಲಾ ಸಾಫ್ಟ್‌ವೇರ್‌ಗೂ ಇದ್ದಿದ್ದರೆ ಚೆನ್ನಾಗಿತ್ತು.

ಬರೀ ಬೈದರೆ ಆಗಲ್ಲ, ಸರಿಯಾದ ದಾರಿ ಹೇಳಬೇಕು. ಇದೇನು ಬ್ರಹ್ಮವಿದ್ಯೆ ಅಲ್ಲ.

ಮೊದಲು ಇದು ನಿಜಕ್ಕೂ ಪರ್ಮಿಷನ್ ಸಮಸ್ಯೆನಾ ನೋಡಿ. ಡ್ರೈವ್ ಚಿತ್ರದ ಮೇಲೆ ಬೀಗ ಇದ್ದು 48 ಅಂಕಿಯ ರಿಕವರಿ ಕೀ ಕೇಳ್ತಿದ್ದರೆ ಅದು ಬಿಟ್‌ಲಾಕರ್. ಯಾವ ಪರ್ಮಿಷನ್ ಬದಲಾಯಿಸಿದರೂ ಪ್ರಯೋಜನ ಇಲ್ಲ, ಕೀ ಬೇಕು. ಹಳೇ ಕಂಪ್ಯೂಟರಿಗೆ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗ್ತಿದ್ದರೆ ಕೀ ಆ ಅಕೌಂಟಿನಲ್ಲಿ ಉಳಿದಿರೋ ಸಾಧ್ಯತೆ ಇದೆ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ‘ರೀಡ್ ಓನ್ಲಿ’ ಎದುರು ತುಂಬಿದ ಚೌಕ ಕಂಡು ಅದನ್ನ ತೆಗೆದು ತೆಗೆದು ಸಾಕಾಗಿದ್ದರೆ, ಬಿಟ್ಟುಬಿಡಿ. ಫೋಲ್ಡರಿನ ವಿಷಯದಲ್ಲಿ ಆ ಚೌಕಕ್ಕೂ ಪರ್ಮಿಷನ್‌ಗೂ ಸಂಬಂಧವೇ ಇಲ್ಲ, ನೀವು ಎಷ್ಟು ಸಲ ತೆಗೆದರೂ ಮತ್ತೆ ಬಂದು ಕೂರುತ್ತೆ.

ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ನನಗೆ ಬೇಕಿರೋದು ಈ ಡ್ರೈವಾ, ಇದರಲ್ಲಿರೋ ಫೈಲುಗಳಾ? ಬರೀ ಫೈಲು ಬೇಕಿದ್ದರೆ ಒಂದೇ ಒಂದು ಪರ್ಮಿಷನ್ ಕೂಡ ಬದಲಾಯಿಸಬೇಕಿಲ್ಲ. ಈ ಮಾತನ್ನ ಯಾರೂ ಹೇಳಲ್ಲ. ವಿಂಡೋಸ್ ಜೊತೆಗೇ ರೋಬೊಕಾಪಿ ಅಂತೊಂದು ಪ್ರೋಗ್ರಾಮ್ ಬರುತ್ತೆ. ಕಮಾಂಡ್ ಪ್ರಾಂಪ್ಟನ್ನ ಅಡ್ಮಿನ್ ಆಗಿ ತೆರೆದು, ಎಲ್ಲಿಂದ, ಎಲ್ಲಿಗೆ ಅಂತ ಕೊಟ್ಟು, ಜೊತೆಗೆ ಸ್ಲ್ಯಾಷ್ ಇ, ಸ್ಲ್ಯಾಷ್ ಬಿ, ಸ್ಲ್ಯಾಷ್ ಎಕ್ಸ್‌ಜೆ ಅನ್ನೋ ಮೂರು ಸ್ವಿಚ್ ಹಾಕಿ. ಇ ಅಂದರೆ ಒಳಗಿನ ಫೋಲ್ಡರುಗಳೂ ಸೇರಿ. ಬಿ ಅಂದರೆ ಬ್ಯಾಕಪ್ ಮೋಡ್, ಅಡ್ಮಿನ್‌ಗೆ ಇರೋ ಬ್ಯಾಕಪ್ ಹಕ್ಕನ್ನ ಬಳಸಿ ಪಟ್ಟಿಯನ್ನ ದಾಟಿ ಓದುತ್ತೆ. ಎಕ್ಸ್‌ಜೆ ಯಾಕೆ ಅಂತ ಈಗಲೇ ಹೇಳ್ತೀನಿ. ಹೀಗೆ ಕಾಪಿ ಆದ ಫೈಲುಗಳು ಹಳೇ ಪಟ್ಟಿಯನ್ನ ಹೊತ್ತು ತರಲ್ಲ, ಹೊಸ ಜಾಗದ ಪರ್ಮಿಷನ್ನೇ ಅವಕ್ಕೆ ಬರುತ್ತೆ. ಹಳೇ ಡಿಸ್ಕ್ ಇದ್ದಂಗೇ ಇರುತ್ತೆ, ಅದೇ ನಿಮ್ಮ ಬ್ಯಾಕಪ್ಪೂ ಆಯ್ತು.

ಎಕ್ಸ್‌ಜೆ ಬೇಕಿರೋದು ಜಂಕ್ಷನ್‌ಗಳನ್ನ ಬಿಟ್ಟು ಹೋಗೋಕೆ. ಹಳೇ ಸಿ ಡ್ರೈವ್ ಎರಡನೇ ಡ್ರೈವ್ ಆಗಿದ್ದರೆ ಅದರಲ್ಲಿ ‘ಡಾಕ್ಯುಮೆಂಟ್ಸ್ ಅಂಡ್ ಸೆಟಿಂಗ್ಸ್’, ‘ಅಪ್ಲಿಕೇಷನ್ ಡೇಟಾ’ ಅಂತ ಕೆಲವು ಹೆಸರುಗಳು ಕಾಣುತ್ತವೆ. ಅವು ಫೋಲ್ಡರುಗಳೇ ಅಲ್ಲ, ಕೈಮರಗಳು. ಹಳೇ ಪ್ರೋಗ್ರಾಮುಗಳಿಗೆ ದಾರಿ ತೋರಿಸೋಕೆ ಇಟ್ಟಿರೋದು. ಅವುಗಳೊಳಗೆ ಇಣುಕಬಾರದು ಅಂತ ವಿಂಡೋಸ್ ಬೇಕಂತಲೇ ಎವ್ರಿವನ್‌ಗೆ ‘ಡಿನೈ’ ಹಾಕಿಟ್ಟಿದೆ. ಜನ ಅದನ್ನೂ ‘ರಿಪೇರಿ’ ಮಾಡ್ತಾರೆ. ಒಂದು ಕೈಮರ ತಾನಿರೋ ಫೋಲ್ಡರನ್ನೇ ತೋರಿಸ್ತಿರುತ್ತೆ, ಒಳಗೆ ಹೋದರೆ ಅದೇ ಫೋಲ್ಡರ್, ಅದರೊಳಗೆ ಮತ್ತೆ ಅದೇ. ಇನ್ನೊಂದು ಸೀದಾ ನಿಮ್ಮ ಈಗಿನ ಸಿ ಡ್ರೈವಿನ ಕಡೆಗೆ ತೋರಿಸ್ತಿರುತ್ತೆ. ಇಡೀ ಹಳೇ ಡ್ರೈವ್ ಮೇಲೆ ಓನರ್‌ಷಿಪ್ ಕಮಾಂಡ್ ಓಡಿಸಿದಾಗ ಅದು ಈ ಕೈಮರ ಹಿಡಿದು ಬದುಕಿರೋ ಸಿಸ್ಟಮ್‌ಗೇ ನುಗ್ಗೋ ಅಪಾಯ ಇದೆ. ಅದಕ್ಕೇ ಹೇಳೋದು, ಡ್ರೈವಿನ ಬುಡಕ್ಕೆ ಕೈ ಹಾಕಬೇಡಿ, ಬೇಕಾದ ಫೋಲ್ಡರ್ ಒಂದನ್ನೇ ಹಿಡಿಯಿರಿ.

ಡ್ರೈವನ್ನೇ ಮುಂದೆ ಬಳಸಬೇಕು ಅಂತಿದ್ದರೆ, ನಿಮ್ಮ ಫೋಲ್ಡರ್ ಮೇಲೆ ಮೊದಲು ಕಂಟಿನ್ಯೂ ಒತ್ತಿ ನೋಡಿ. ಸಾವಿರಾರು ಫೈಲಿದ್ದರೆ ಹೊತ್ತು ಹಿಡಿಯುತ್ತೆ, ಮಧ್ಯದಲ್ಲಿ ನಿಲ್ಲಿಸಬೇಡಿ, ಅರ್ಧ ಆಗಿ ಅರ್ಧ ಬಿಟ್ಟ ಪಟ್ಟಿಗಿಂತ ದೊಡ್ಡ ಗೋಳಿಲ್ಲ. ಅದರಿಂದ ಆಗಲಿಲ್ಲ ಅಂದರೆ ಸೆಕ್ಯೂರಿಟಿ, ಅಡ್ವಾನ್ಸ್ಡ್. ಅಲ್ಲಿ ಮೇಲ್ಗಡೆ ಓನರ್ ಅಂತ ಇರುತ್ತೆ. ಅದನ್ನ ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೆ ಬದಲಾಯಿಸಿ, ಒಳಗಿನವಕ್ಕೂ ಅನ್ನೋದಕ್ಕೆ ಟಿಕ್ ಹಾಕಿ. ಇದು ಖಾತೆ ಬದಲಾವಣೆ. ಬಹಳಷ್ಟು ಜನ ಇಲ್ಲಿಗೇ ನಿಲ್ಲಿಸಿ ‘ಓನರ್ ಆದರೂ ತೆರೆಯಲಿಲ್ಲ’ ಅಂತಾರೆ. ಓನರ್ ಆದರೆ ಪಟ್ಟಿ ತಿದ್ದೋ ಹಕ್ಕು ಬಂತು ಅಷ್ಟೆ, ಪಟ್ಟಿ ಇನ್ನೂ ತಿದ್ದಿಲ್ಲ. ಎರಡನೇ ಹೆಜ್ಜೆಯಾಗಿ ನಿಮ್ಮ ಅಕೌಂಟನ್ನ ಸೇರಿಸಿ ಮಾಡಿಫೈ ಕೊಡಿ. ಬರೀ ನೋಡೋಕೆ ಇಟ್ಟ ಹಳೇ ಫೋಟೊ, ದನಿ, ಕಾಗದಪತ್ರ ಆಗಿದ್ದರೆ ರೀಡ್ ಮಾತ್ರ ಕೊಡಿ. ಓನರ್ ಅಡ್ಮಿನಿಸ್ಟ್ರೇಟರ್ಸ್ ಆಗಿದ್ದು ನಿಮಗೆ ಬರೀ ರೀಡ್ ಇದ್ದರೆ, ನಿಮ್ಮ ಹೆಸರಲ್ಲಿ ಓಡೋ ಯಾವ ಪ್ರೋಗ್ರಾಮೂ ನಿಮ್ಮನ್ನ ಕೇಳದೆ ಅದನ್ನ ಅಳಿಸೋಕಾಗಲ್ಲ. ರ‍್ಯಾನ್ಸಮ್‌ವೇರ್ ಓಡೋದೂ ಸಾಮಾನ್ಯವಾಗಿ ನಿಮ್ಮ ಹೆಸರಲ್ಲೇ ಅನ್ನೋದು ನೆನಪಿರಲಿ.

ಕಮಾಂಡ್ ಇಷ್ಟಪಡೋರಿಗೆ ಟೇಕ್‌ಓನ್, ಐಕ್ಯಾಕಲ್ಸ್ ಇವೆ. ಏನು ಮಾಡೋಕೂ ಮುಂಚೆ ಐಕ್ಯಾಕಲ್ಸ್‌ನ ‘ಸೇವ್’ ಬಳಸಿ ಈಗಿರೋ ಪಟ್ಟಿಯನ್ನ ಒಂದು ಫೈಲಿಗೆ ಬರೆದಿಟ್ಟುಕೊಳ್ಳಿ. ಎಡವಟ್ಟಾದರೆ ‘ರಿಸ್ಟೋರ್’ ಇದೆ. ಎಡವಟ್ಟು ನಮ್ಮ ಮನೆಗೆ ಬರಲ್ಲ ಅಂದುಕೊಂಡೇ ನಾನೂ ಎವ್ರಿವನ್ ಒತ್ತಿದ್ದು.

ತಮ್ಮನ ಜೊತೆ ಫೋನ್ ಸ್ಪೀಕರಿಗೆ ಹಾಕಿಕೊಂಡು ಕೂತೆ. ‘ಕ್ಯಾನ್ಸಲ್ ಮಾಡು, ವಾಪಸ್ ಹೋಗಿ ನಿನ್ನ ಹೆಸರಿನ ಫೋಲ್ಡರ್ ಮೇಲೆ ಮಾತ್ರ ಕಂಟಿನ್ಯೂ ಒತ್ತು.’ ಹಸಿರು ಪಟ್ಟಿ ಹದಿನೈದು ನಿಮಿಷ ತೆವಳಿತು, ಅಷ್ಟೂ ಹೊತ್ತು ಅವನು ‘ಇನ್ನೂ ಆಗ್ತಿಲ್ಲ ಅಣ್ಣ, ನಿಲ್ಲಿಸ್ಲಾ?’ ಅಂತ ಕೇಳ್ತಿದ್ದ, ನಾನು ‘ಮುಟ್ಬೇಡ’ ಅಂತಿದ್ದೆ. ತೆರೆಯಿತು. ಅದೇ ಡ್ರೈವಿನಲ್ಲಿ ಚಿಕ್ಕಮ್ಮನ ಹೆಸರಿನ ಇನ್ನೊಂದು ಫೋಲ್ಡರ್ ಇತ್ತು.

‘ಇದನ್ನೂ ತೆಗೀಲಾ?’

‘ಅದು ನಿಂದಾ?’

‘ಅಮ್ಮಂದು.’

‘ಹಾಗಾದ್ರೆ ಅವರನ್ನ ಕೇಳು. ಬೇಕು ಅಂದ್ರೆ ಅವರಿಗೊಂದು ಅಕೌಂಟ್ ಮಾಡಿ, ಆ ಅಕೌಂಟಿಗೆ ಕೊಡು.’

ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. ಆಮೇಲೆ ‘ಅಮ್ಮಾ’ ಅಂತ ಕೂಗಿದ್ದು ಕೇಳಿಸಿತು. ಅಷ್ಟೇ ನಾನು ಹೇಳ್ತಿರೋದು. ಎವ್ರಿವನ್ ಅನ್ನೋ ಹೆಸರಿನ ಮನುಷ್ಯರನ್ನ ನಾನಂತೂ ಇದುವರೆಗೆ ನೋಡಿಲ್ಲ. ಕೊಡೋದಿದ್ದರೆ ಹೆಸರು ಹೇಳಿ ಕೊಡಿ.